ಪ್ಯಾನಲ್ ಕಪ್ಪಾದ ರಾತ್ರಿ ಕೆಲಸ ಬಲ್ಲವರು ಯಾರಿದ್ದಾರೆ? ರೈಲ್ವೆ ಮಂಡಳಿಗೆ ನಿವೃತ್ತ ಸ್ಟೇಷನ್ ಮಾಸ್ಟರ್ ಒಬ್ಬರ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ರೈಲ್ವೆ ಮಂಡಳಿ, ರೈಲ್ ಭವನ, ನವದೆಹಲಿ

ಮಾನ್ಯರೆ,

ನಾನು 1984ರಲ್ಲಿ ಆಗಿನ ದಕ್ಷಿಣ ರೈಲ್ವೆಗೆ ಸಹಾಯಕ ಸ್ಟೇಷನ್ ಮಾಸ್ಟರ್ ಆಗಿ ಸೇರಿ, ತಿರುಚಿರಾಪಳ್ಳಿಯ ತರಬೇತಿ ಶಾಲೆಯಲ್ಲಿ ನಿಯಮಗಳನ್ನು ಬಾಯಿಪಾಠ ಮಾಡಿ, ಮುಂದೆ ಬೇರೆ ಬೇರೆ ವಿಭಾಗಗಳಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು. ತಮ್ಮ ಕಚೇರಿಗೆ ಇದರ ಇಂಗ್ಲಿಷ್ ಪ್ರತಿಯನ್ನು ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಕನ್ನಡದಲ್ಲಿ ಬಹಿರಂಗವಾಗಿ ಬರೆಯುತ್ತಿರುವುದು ಏಕೆಂದರೆ, ಈ ವಿಷಯವನ್ನು ತಮ್ಮಷ್ಟೇ ತಿಳಿಯಬೇಕಾದವರು ಇಂದು ರಾತ್ರಿ ಪಾಳಿಗೆ ಹೋಗಿ ನಿಲ್ದಾಣದ ಸಿಗ್ನಲ್ಲುಗಳನ್ನೂ ಹಳಿ ತಿರುವುಗಳನ್ನೂ ನಡೆಸುವ ಪ್ಯಾನಲ್ ಮುಂದೆ ಕೂರಲಿರುವ ನಮ್ಮ ಕಡೆಯ ಹುಡುಗ ಹುಡುಗಿಯರು, ಮತ್ತು ಅವರನ್ನು ನಂಬಿ ಬರ್ತ್ ಮೇಲೆ ನಿದ್ದೆ ಹೋಗುವ ಪ್ರಯಾಣಿಕರು.

ವಿಷಯ ಇಷ್ಟೇ. ರೈಲು ಸಂಚಾರದ ಸುರಕ್ಷತೆಯನ್ನು ನಾವು ಒಂದೊಂದಾಗಿ ಯಂತ್ರಗಳ ಕೈಗೆ ಒಪ್ಪಿಸುತ್ತಿದ್ದೇವೆ, ಒಪ್ಪಿಸಿದ್ದು ಸರಿಯೇ. ಆದರೆ ಆ ಯಂತ್ರ ಕೆಟ್ಟ ದಿನ ಅದೇ ಕೆಲಸವನ್ನು ಕೈಯಿಂದ ಮಾಡಬೇಕಾದ ಮನುಷ್ಯನನ್ನು ಅಣಿಯಾಗಿಡುವ ಹೊಣೆಯನ್ನು ಮಾತ್ರ ಮರೆತಿದ್ದೇವೆ.

ಹಳೆಯದೆಲ್ಲ ಚಿನ್ನ ಎನ್ನುವ ನಿವೃತ್ತರ ಸಾಲಿಗೆ ನನ್ನನ್ನು ಸೇರಿಸಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. 1999ರ ಆಗಸ್ಟ್ 2ರ ನಸುಕಿನಲ್ಲಿ ಅವಧ್–ಅಸ್ಸಾಂ ಎಕ್ಸ್‌ಪ್ರೆಸ್ಸನ್ನು ಕಿಶನ್‌ಗಂಜ್‌ನಲ್ಲಿ ತಪ್ಪು ಹಳಿಗೆ ಬಿಟ್ಟದ್ದು ಯಂತ್ರವಲ್ಲ, ಮನುಷ್ಯರು. ಅದು ಗೈಸಾಲ್‌ನಲ್ಲಿ ಬ್ರಹ್ಮಪುತ್ರ ಮೇಲ್‌ಗೆ ಮುಖಾಮುಖಿ ಡಿಕ್ಕಿ ಹೊಡೆದು 280ಕ್ಕೂ ಹೆಚ್ಚು ಜನ ಸತ್ತ ಸುದ್ದಿಯನ್ನು ಕಂಟ್ರೋಲ್ ಫೋನಿನಲ್ಲಿ ಕೇಳಿದ ಆ ಬೆಳಿಗ್ಗೆ ನನಗೆ ಇನ್ನೂ ನೆನಪಿದೆ. ದೇಶದ 6,600ಕ್ಕೂ ಹೆಚ್ಚು ನಿಲ್ದಾಣಗಳಿಗೆ, ಹಳಿ ಸರಿಯಾಗಿ ತಿರುಗಿರದೆ ಹಸಿರು ಸಿಗ್ನಲ್ ಬೀಳದಂತೆ ತಡೆಯುವ ವಿದ್ಯುತ್ ಅಥವಾ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ಬಂದಿದೆ. 2014-15ರಲ್ಲಿ 135 ಇದ್ದ ಗಂಭೀರ ರೈಲು ಅಪಘಾತಗಳ ಸಂಖ್ಯೆ 2024-25ರಲ್ಲಿ 31ಕ್ಕೆ ಇಳಿದಿದೆ ಎಂದು ತಮ್ಮ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಈ ಇಳಿಕೆಯಲ್ಲಿ ಯಂತ್ರದ ಪಾಲು ದೊಡ್ಡದು. ಅದನ್ನು ಅಲ್ಲಗಳೆದರೆ ನಾನು ಕೃತಘ್ನನಾಗುತ್ತೇನೆ, ಏಕೆಂದರೆ ನನ್ನ ನಿದ್ದೆಗಣ್ಣಿನ ತಪ್ಪುಗಳನ್ನೂ ಅದು ಒಂದೆರಡು ಬಾರಿ ತಡೆದಿದೆ.

ನಾನು ಸೇರಿದ ಕಾಲದ ಮೀಟರ್ ಗೇಜ್ ನಿಲ್ದಾಣಗಳಲ್ಲಿ ಒಂದು ರೈಲನ್ನು ಮುಂದಿನ ನಿಲ್ದಾಣಕ್ಕೆ ಬಿಡಬೇಕಾದರೆ ಆ ಕಡೆಯವರಿಂದ ಲೈನ್ ಕ್ಲಿಯರ್, ಅಂದರೆ ಹಳಿ ಖಾಲಿಯಿದೆ ಬಿಡಿ ಎಂಬ ಒಪ್ಪಿಗೆ, ಪಡೆದು, ಉಪಕರಣದಿಂದ ಉಕ್ಕಿನ ಚೆಂಡಿನಂಥ ಟೋಕನ್ ತೆಗೆದು, ಅದನ್ನು ಚರ್ಮದ ಚೀಲಕ್ಕೆ ಹಾಕಿ, ಬೆತ್ತದ ಬಳೆಗೆ ಕಟ್ಟಿ, ಓಡುವ ಎಂಜಿನ್ನಿನವರ ಕೈಗೆ ಸಿಕ್ಕುವಂತೆ ಹಿಡಿದು ನಿಲ್ಲಬೇಕಿತ್ತು. ಹಿಂದಿನ ರೈಲು ಪೂರ್ತಿ ಬಂದಿದೆಯೇ ಎಂದು ತಿಳಿಯಲು ಕೊನೆಯ ಬೋಗಿಯ ಹಿಂದಿನ ಎಲ್‌ವಿ (ಲಾಸ್ಟ್ ವೆಹಿಕಲ್) ಫಲಕವನ್ನು, ರಾತ್ರಿಯಾದರೆ ಕೆಂಪು ದೀಪವನ್ನು, ಕಣ್ಣಾರೆ ನೋಡಬೇಕಿತ್ತು. ಮಳೆಯಲ್ಲಿ, ಮಂಜಿನಲ್ಲಿ, ಜ್ವರದಲ್ಲಿ ಇದನ್ನು ಮಾಡುವುದು ಕಷ್ಟದ ಕೆಲಸ. ಅದನ್ನು ಯಾರೂ ಹಾಡಿ ಹೊಗಳಬೇಕಾಗಿಲ್ಲ. ಆದರೆ ದಿನಕ್ಕೆ ಇಪ್ಪತ್ತು ಸಲ ಹಾಗೆ ಮಾಡುತ್ತಿದ್ದವನಿಗೆ ನಿಯಮ ಪುಸ್ತಕದಲ್ಲಿರಲಿಲ್ಲ, ಕೈಕಾಲಿನಲ್ಲಿತ್ತು. ಈಗ ಆಕ್ಸಲ್ ಕೌಂಟರ್ ಎಂಬ ಯಂತ್ರ ಎಷ್ಟು ಗಾಲಿ ಒಳಗೆ ಹೋದವು, ಎಷ್ಟು ಹೊರಗೆ ಬಂದವು ಎಂದು ತಾನೇ ಎಣಿಸಿ ಲೆಕ್ಕ ಸರಿಹೋದರೆ ಹಳಿ ಖಾಲಿ ಎನ್ನುತ್ತದೆ. ನಮ್ಮ ಹುಡುಗರು ಪ್ಲಾಟ್‌ಫಾರ್ಮಿಗೆ ಬಂದು ಹಸಿರು ಬಾವುಟ ತೋರಿಸುವುದು ಇಂದಿಗೂ ನಿಯಮವೇ, ತೋರಿಸುತ್ತಲೂ ಇದ್ದಾರೆ. ಆದರೆ ಬಾವುಟ ಹಿಡಿದವನ ಕಣ್ಣು ಕೊನೆಯ ಬೋಗಿಯ ಮೇಲಿದೆಯೇ ಎಂಬುದನ್ನು ಯಾವ ಡೇಟಾ ಲಾಗರ್ ಕೂಡ ದಾಖಲಿಸುವುದಿಲ್ಲ.

ಒಂದು ಮಳೆಗಾಲದ ರಾತ್ರಿಯ ಸಂಗತಿ ಹೇಳುತ್ತೇನೆ. ನಿಲ್ದಾಣ ಯಾವುದು, ವಿಭಾಗ ಯಾವುದು ಎಂಬುದು ಬೇಡ. ಅಂಥದ್ದು ಎಲ್ಲಿ ಬೇಕಾದರೂ ನಡೆಯಬಹುದಾಗಿತ್ತು. ಸಿಡಿಲು ಬಡಿದು ಪ್ಯಾನಲ್ ಕಪ್ಪಾಯಿತು. ನಾನು ಪಾಳಿ ಮುಗಿಸಿ ಕ್ವಾರ್ಟರ್ಸಿಗೆ ಹೋದವನು ಗದ್ದಲ ಕೇಳಿ ವಾಪಸು ಬಂದೆ. ಕರ್ತವ್ಯದಲ್ಲಿದ್ದ ಯುವಕ ಪರೀಕ್ಷೆಗಳಲ್ಲಿ ನನಗಿಂತ ಹೆಚ್ಚು ಅಂಕ ಪಡೆದವನು, ನಿಯಮದ ಕಲಮು ಸಂಖ್ಯೆಯನ್ನೂ ಹೇಳಬಲ್ಲವನು. ಮೂರು ವರ್ಷದ ಸೇವೆಯಲ್ಲಿ ಅವನು ಒಮ್ಮೆಯೂ ಕ್ರ್ಯಾಂಕ್ ಹ್ಯಾಂಡಲ್ ಹಿಡಿದು ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ತಿರುವು, ತಿರುಗಿಸಿದವನಲ್ಲ. ತಿರುಗಿಸುವ ಪ್ರಸಂಗವೇ ಬಂದಿರಲಿಲ್ಲ, ಅಷ್ಟು ಚೆನ್ನಾಗಿತ್ತು ಯಂತ್ರ. ನಿವೃತ್ತಿಗೆ ಏಳೆಂಟು ತಿಂಗಳಿದ್ದ ಪಾಯಿಂಟ್ಸ್‌ಮನ್ ಒಬ್ಬರು ಕೊಡೆಯಿಲ್ಲದೆ ಹಳಿಗೆ ಇಳಿದು, ಹ್ಯಾಂಡಲ್ ತಿರುಗಿಸಿ, ಟಂಗ್ ರೈಲು ಎಂಬ ಸರಿಯುವ ಹಳಿ ಪಕ್ಕದ ಹಳಿಗೆ ಸಂದಿಲ್ಲದಂತೆ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಕ್ಲಾಂಪ್ ಹಾಕಿ ಬೀಗ ಜಡಿದು ಬಂದರು. ಆ ಯುವಕ ಬ್ಯಾಟರಿ ಹಿಡಿದು ಅವರ ಹಿಂದೆಯೇ ನಿಂತು ನೋಡಿದ. ಎರಡು ರೈಲುಗಳು ತಡವಾದವು, ಬೇರೇನೂ ಆಗಲಿಲ್ಲ. ಆ ಪಾಯಿಂಟ್ಸ್‌ಮನ್ ಅಂದು ರಜೆಯಲ್ಲಿದ್ದಿದ್ದರೆ ಎಂಬ ಪ್ರಶ್ನೆಯನ್ನು ಆಮೇಲೆ ಯಾರೂ ಕೇಳಲಿಲ್ಲ. ಅವರ ಜಾಗಕ್ಕೆ ಬಂದವರು ಅವರಿಂದ ಕಲಿಯಲೂ ಇಲ್ಲ, ಏಕೆಂದರೆ ಕಲಿಸುವುದಕ್ಕೆಂದು ಒಂದು ದಿನವನ್ನೂ ಯಾರೂ ಗೊತ್ತು ಮಾಡಿರಲಿಲ್ಲ.

ಇದು ನನ್ನೊಬ್ಬನ ಅನುಭವ ಎಂದು ತಳ್ಳಿಹಾಕುವವರು 2024ರ ಜೂನ್ 17ನ್ನು ನೆನಪಿಸಿಕೊಳ್ಳಬೇಕು. ಉತ್ತರ ಬಂಗಾಳದ ರಂಗಾಪಾನಿ ಮತ್ತು ಛತ್ತರ್‌ಹಾಟ್ ನಿಲ್ದಾಣಗಳ ನಡುವೆ ಅಂದು ಬೆಳಿಗ್ಗೆ 5.50ಕ್ಕೆ ಸ್ವಯಂಚಾಲಿತ ಸಿಗ್ನಲ್‌ಗಳು ಕೆಟ್ಟವು. ಕೆಟ್ಟ ಸಿಗ್ನಲ್‌ಗಳನ್ನು ದಾಟಿ ಹೋಗಲು ಲೋಕೋ ಪೈಲಟ್‌ಗಳಿಗೆ ಟಿ/ಎ 912 ಎಂಬ ಅಧಿಕಾರಪತ್ರವನ್ನು ಕೊಡಲಾಯಿತು. ಒಂಬತ್ತು ಗಂಟೆಯಾಗುವಷ್ಟರಲ್ಲಿ ಒಂದು ಗೂಡ್ಸ್ ರೈಲು ತನ್ನ ಮುಂದಿದ್ದ ಕಾಂಚನಜುಂಗಾ ಎಕ್ಸ್‌ಪ್ರೆಸ್ಸಿಗೆ ಹಿಂದಿನಿಂದ ಗುದ್ದಿತು. ಸತ್ತವರಲ್ಲಿ ಗೂಡ್ಸ್ ರೈಲಿನ ಲೋಕೋ ಪೈಲಟ್ ಕೂಡ ಒಬ್ಬರು. ಅಂದೇ, ತನಿಖೆ ಶುರುವಾಗುವುದಕ್ಕೂ ಮುನ್ನ, ಸಿಗ್ನಲ್ ಕಡೆಗಣಿಸಿದರೆಂಬ ಮಾತು ಆ ಮೃತರ ಮೇಲೆ ತಮ್ಮ ಮಂಡಳಿಯಿಂದಲೇ ಬಂತು. ಆಮೇಲೆ ರೈಲ್ವೆ ಸುರಕ್ಷತಾ ಆಯುಕ್ತರು ಕಂಡುಕೊಂಡದ್ದು ಬೇರೆಯೇ. ಕೊಟ್ಟ ಅಧಿಕಾರಪತ್ರವೇ ಸರಿಯಾದುದಾಗಿರಲಿಲ್ಲ. ಎಷ್ಟು ವೇಗದಲ್ಲಿ ಹೋಗಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಸ್ವಯಂಚಾಲಿತ ಸಿಗ್ನಲ್ ಕೆಟ್ಟಾಗ ಹೇಗೆ ನಡೆದುಕೊಳ್ಳಬೇಕೆಂಬ ತಿಳಿವಳಿಕೆಯನ್ನು ಲೋಕೋ ಪೈಲಟ್‌ಗಳಿಗೂ ಸ್ಟೇಷನ್ ಮಾಸ್ಟರ್‌ಗಳಿಗೂ ಸಾಕಷ್ಟು ಕೊಟ್ಟಿರಲಿಲ್ಲ. ಆ ವರದಿಯ ಒಂದು ಅಂಶ ನನ್ನನ್ನು ಬಹಳ ದಿನ ಕಾಡಿತು. ಸಿಗ್ನಲ್ ಕೆಟ್ಟ ಮೇಲೆ ಆ ಸೆಕ್ಷನ್ನಿಗೆ ಹಲವು ರೈಲುಗಳು ಹೋಗಿದ್ದವು. ಒಂದೇ ಬಗೆಯ ಕಾಗದ ಹಿಡಿದಿದ್ದರೂ ಒಬ್ಬೊಬ್ಬರು ಒಂದೊಂದು ವೇಗದಲ್ಲಿ ಓಡಿಸಿದ್ದರು. ಗಂಟೆಗೆ 15 ಕಿಲೋಮೀಟರ್ ಮೀರದೆ, ಕೆಟ್ಟ ಸಿಗ್ನಲ್ ಒಂದೊಂದರ ಬಳಿಯೂ ಒಂದು ನಿಮಿಷ ನಿಂತು ಹೊರಡುವ ಕ್ರಮವನ್ನು ಪಾಲಿಸಿದ್ದು ಕಾಂಚನಜುಂಗಾ ಒಂದೇ. ನಿಯಮವನ್ನು ನೆನಪಿಟ್ಟ ರೈಲಿಗೇ ಹಿಂದಿನಿಂದ ಪೆಟ್ಟು ಬಿತ್ತು.

ಆ ನಿಯಮ ಅಷ್ಟು ಜನಕ್ಕೆ ಅಷ್ಟು ಬಗೆಯಾಗಿ ಅರ್ಥವಾದದ್ದೇಕೆ? ಅವರು ದಡ್ಡರೆಂದಲ್ಲ. ಸ್ವಯಂಚಾಲಿತ ಸಿಗ್ನಲ್ ಸಾಮಾನ್ಯವಾಗಿ ಕೆಡುವುದಿಲ್ಲ. ಕೆಟ್ಟರೂ ಒಂದೋ ಎರಡೋ ಕೆಡುತ್ತವೆ, ಗಂಟೆಯೊಳಗೆ ಸರಿಹೋಗುತ್ತವೆ. ಇಡೀ ಸೆಕ್ಷನ್ ಮೂರು ಗಂಟೆ ಕುರುಡಾಗುವುದನ್ನು ಒಬ್ಬ ನೌಕರ ಇಡೀ ಸೇವಾವಧಿಯಲ್ಲಿ ಒಂದೆರಡು ಬಾರಿ ಕಂಡರೆ ಹೆಚ್ಚು. ಯಂತ್ರ ಎಷ್ಟು ಒಳ್ಳೆಯದೋ ಕೆಟ್ಟ ದಿನದ ಕೆಲಸದ ಅಭ್ಯಾಸ ಅಷ್ಟು ಕಡಿಮೆ, ಆದ್ದರಿಂದ ಯಂತ್ರ ಸುಧಾರಿಸಿದಷ್ಟೂ ಅಭ್ಯಾಸಕ್ಕೆ ನಾವು ಕೊಡುವ ಸಮಯ ಹೆಚ್ಚಬೇಕು. ನಡೆಯುತ್ತಿರುವುದು ಇದಕ್ಕೆ ತೀರಾ ವಿರುದ್ಧ. ಹೊಸ ಸಲಕರಣೆ ಬಂದ ಮೇಲೆ ಸಿಬ್ಬಂದಿ ಹೆಚ್ಚಾದರೆಂದು ಲೆಕ್ಕ ಹಾಕಲಾಗುತ್ತದೆ, ಪಾಯಿಂಟ್ಸ್‌ಮನ್ ಹುದ್ದೆ ಖಾಲಿಬಿದ್ದರೆ ತುಂಬುವ ಆತುರ ಇರುವುದಿಲ್ಲ, ಅಶ್ಯೂರೆನ್ಸ್ ರಿಜಿಸ್ಟರ್‌ನಲ್ಲಿ ನಿಯಮಾವಳಿಯನ್ನು ಓದಿ ಅರ್ಥಮಾಡಿಕೊಂಡಿದ್ದೇನೆ ಎಂದು ಎಲ್ಲರೂ ಸಹಿ ಹಾಕುತ್ತಾರೆ. ನಾನೂ ಹಾಕಿದ್ದೇನೆ, ಓದಿದ ದಿನವೂ, ಓದದ ದಿನವೂ.

ಇದುವರೆಗೆ ಹೇಳಿದ್ದು ಯಂತ್ರ ಕೆಟ್ಟು ನಿಂತಾಗಿನ ಮಾತು. ಕೆಟ್ಟ ಯಂತ್ರ ಕೆಟ್ಟಿದ್ದೇನೆ ಎಂದು ಹೇಳುತ್ತದೆ, ಅದಾದರೂ ಪರವಾಗಿಲ್ಲ. ಅದಕ್ಕಿಂತ ಅಪಾಯಕಾರಿಯಾದುದು ಎಲ್ಲವೂ ಸರಿಯಿದೆ ಎಂದು ತೋರಿಸುತ್ತಲೇ ತಪ್ಪಿದ ಯಂತ್ರ. ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. 2023ರ ಫೆಬ್ರುವರಿ 8ರಂದು ಮೈಸೂರು ವಿಭಾಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿಗೆ ಸಿಗ್ನಲ್ ಸಿಕ್ಕಿತ್ತು, ಸ್ಟೇಷನ್ ಮಾಸ್ಟರ್ ಮುಂದಿನ ಪ್ಯಾನಲ್‌ನಲ್ಲಿ ಮಾರ್ಗ ಸರಿಯಾಗಿಯೇ ಕಾಣುತ್ತಿತ್ತು, ನೆಲದ ಮೇಲೆ ಪಾಯಿಂಟ್ ಮಾತ್ರ ಬೇರೆ ಹಳಿಗೆ ತಿರುಗಿತ್ತು. ಲೋಕೋ ಪೈಲಟ್ ಸಿಗ್ನಲ್ಲಿನ ಬಣ್ಣವನ್ನು ನಂಬಿ ಸುಮ್ಮನಿರದೆ ಹಳಿಯನ್ನು ನೋಡಿದರು, ರೈಲನ್ನು ನಿಲ್ಲಿಸಿದರು. ಇಂಟರ್‌ಲಾಕಿಂಗ್ ವ್ಯವಸ್ಥೆಯನ್ನು ಬೈಪಾಸ್ ಮಾಡಿ ದುರಸ್ತಿ ಮಾಡುವ ಪರಿಪಾಠ ದೊಡ್ಡ ಅನಾಹುತಕ್ಕೆ ದಾರಿಯಾದೀತೆಂದು ನೈರುತ್ಯ ರೈಲ್ವೆಯ ಸಂಚಾರ ವಿಭಾಗದ ಮುಖ್ಯಸ್ಥರು ಮರುದಿನವೇ ಲಿಖಿತವಾಗಿ ಎಚ್ಚರಿಸಿದರು.

ನಾಲ್ಕು ತಿಂಗಳು ತುಂಬುವ ಮೊದಲೇ, ಜೂನ್ 2ರ ಸಂಜೆ, ಒಡಿಶಾದ ಬಹನಾಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮೈನ್ ಲೈನಿನ ಹಸಿರು ಸಿಗ್ನಲ್ ಬಿತ್ತು. ಪಾಯಿಂಟ್ ಪಕ್ಕದ ಲೂಪ್ ಲೈನಿಗೆ ತಿರುಗಿತ್ತು. ಅಲ್ಲಿ ಅದಿರು ತುಂಬಿದ ಗೂಡ್ಸ್ ರೈಲು ನಿಂತಿತ್ತು. ಗಂಟೆಗೆ 120 ಕಿಲೋಮೀಟರಿಗೂ ಮೀರಿದ ವೇಗದಲ್ಲಿದ್ದ ಲೋಕೋ ಪೈಲಟ್‌ಗೆ ಹಳಿ ನೋಡಿ ನಿಲ್ಲಿಸುವ ಅವಕಾಶವೇ ಇರಲಿಲ್ಲ. ಚೆಲ್ಲಾಡಿದ ಬೋಗಿಗಳಿಗೆ ಬೆಂಗಳೂರಿನ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೊರಟು ಹೌರಾಕ್ಕೆ ಹೋಗುತ್ತಿದ್ದ ರೈಲಿನ ಹಿಂಭಾಗ ತಗುಲಿತು. ಒಟ್ಟು 290ಕ್ಕೂ ಹೆಚ್ಚು ಸಾವು. ಲೆವೆಲ್ ಕ್ರಾಸಿಂಗ್ ಗೇಟಿನ ತಡೆಗಂಬ ಬದಲಿಸುವ ಕೆಲಸದಲ್ಲಿಯೂ, ಅದಕ್ಕೂ ಹಿಂದೆ ಸಿಗ್ನಲ್ ಗುಮಟಿಯ (ಸಿಗ್ನಲ್ ಸಲಕರಣೆಯ ಚಿಕ್ಕ ಕೋಣೆಯ) ವೈರಿಂಗ್ ಬದಲಿಸಿದಾಗಲೂ ಆದ ಲೋಪಗಳೇ ಕಾರಣವೆಂದು ಸುರಕ್ಷತಾ ಆಯುಕ್ತರು ಹೇಳಿದರು. ಇಂಟರ್‌ಲಾಕಿಂಗ್ ತರ್ಕದಲ್ಲಿ ದೋಷವಿರಲಿಲ್ಲ. ಪಾಯಿಂಟಿನ ಬಗ್ಗೆ ಅದಕ್ಕೆ ಸುಳ್ಳು ವರದಿ ಹೋಗುತ್ತಿತ್ತು, ಅದು ಪ್ರಾಮಾಣಿಕವಾಗಿ ಆ ಸುಳ್ಳಿನ ಮೇಲೆ ಹಸಿರು ದೀಪ ಹಚ್ಚಿತು.

ಇದೇ ಕಾರಣಕ್ಕೆ ಪ್ರತಿ ಅಪಘಾತದ ಮರುದಿನ ಪತ್ರಿಕೆಗಳಲ್ಲಿ ಬರುವ ‘ಕವಚ್ ಇದ್ದಿದ್ದರೆ’ ಎಂಬ ಶೀರ್ಷಿಕೆ ನನಗೆ ಅರ್ಧ ಸಮಾಧಾನವನ್ನಷ್ಟೇ ಕೊಡುತ್ತದೆ. ಕವಚ್ ಒಳ್ಳೆಯ ವ್ಯವಸ್ಥೆ. ಅದರ ಮೊದಮೊದಲ ಪ್ರಯೋಗಗಳು ನಡೆದದ್ದು ನಮ್ಮ ವಾಡಿ, ಬೀದರ್ ಕಡೆಗೆ ಹೋಗುವ ವಿಕಾರಾಬಾದ್ ಮಾರ್ಗಗಳಲ್ಲೇ. ಕೆಂಪು ದೀಪ ದಾಟುವ ರೈಲನ್ನು ಅದು ತಾನೇ ತಡೆಯುತ್ತದೆ, ರಂಗಾಪಾನಿ ಬಳಿಯ ಆ ಬೆಳಿಗ್ಗೆ ಅದು ಇರಬೇಕಾಗಿತ್ತು. ಆದರೆ ಕವಚ್ ಸಿಗ್ನಲ್ಲಿನ ಸ್ಥಿತಿಯನ್ನು ತಿಳಿಯುವುದು ಇಂಟರ್‌ಲಾಕಿಂಗ್‌ನಿಂದಲೇ. ಇಂಟರ್‌ಲಾಕಿಂಗಿಗೆ ತಪ್ಪು ಹೇಳಿಕೊಟ್ಟರೆ ಕವಚ್ ಅದೇ ತಪ್ಪನ್ನು ಎಂಜಿನ್ನಿನ ಒಳಗಿನ ಪರದೆಯ ಮೇಲೆ ಇನ್ನಷ್ಟು ಧೈರ್ಯದಿಂದ ತೋರಿಸುತ್ತದೆ. ಹೊಸದುರ್ಗ ರೋಡ್‌ನಲ್ಲಿ ರೈಲು ಉಳಿಸಿದ್ದು ಪರದೆಯಲ್ಲ, ಕಿಟಕಿಯಾಚೆ ನೋಡಿದ ಕಣ್ಣು. ಪರದೆ ಬಂದ ಮೇಲೆ ಆ ಕಣ್ಣು ಕಿಟಕಿಯ ಆಚೆಗೇ ಇರುವಂತೆ ನೋಡಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ತಾವು ಯಾವ ಆದೇಶ ಹೊರಡಿಸಿದ್ದೀರಿ?

ಹೊರದೇಶಗಳು ನಮಗಿಂತ ಮುಂದಿವೆ ಎನ್ನುವವರಿಗಾಗಿ ಒಂದೇ ಮಾತು. ವಾಷಿಂಗ್ಟನ್ ಮೆಟ್ರೊದಲ್ಲಿ 2009ರ ಜೂನ್ 22ರಂದು ನಿಂತಿದ್ದ ರೈಲೊಂದನ್ನು ಹಳಿಯ ಮೇಲೆ ರೈಲಿದೆಯೇ ಎಂದು ತಿಳಿಸುವ ಟ್ರ್ಯಾಕ್ ಸರ್ಕ್ಯೂಟ್ ಗುರುತಿಸಲಿಲ್ಲ. ಸ್ವಯಂಚಾಲಿತವಾಗಿ ಓಡುತ್ತಿದ್ದ ಹಿಂದಿನ ರೈಲು ಅದಕ್ಕೆ ಗುದ್ದಿ ಚಾಲಕಿಯೂ ಸೇರಿ ಒಂಬತ್ತು ಮಂದಿ ಸತ್ತರು. ಆ ಸಂಸ್ಥೆ ರೈಲು ಓಡಿಸುವ ಕೆಲಸವನ್ನು ಮತ್ತೆ ಮನುಷ್ಯರ ಕೈಗೆ ಕೊಟ್ಟು, ಸ್ವಯಂಚಾಲನೆಗೆ ಮರಳಲು 2024ರ ಡಿಸೆಂಬರ್‌ವರೆಗೆ ಕಾಯಿತು. ನಮ್ಮಲ್ಲಿ ಅಷ್ಟು ಕಾಯುವಂತೆ ನಾನು ಕೇಳುತ್ತಿಲ್ಲ.

ಇನ್ನು ನನ್ನದೇ ಒಂದು ದೂರು. ಹೇಳದೆ ಬಿಟ್ಟರೆ ಪತ್ರ ಅಪೂರ್ಣವಾಗುತ್ತದೆ. ಸೇವೆಯ ಕೊನೆಯ ವರ್ಷಗಳಲ್ಲೊಂದು ರಾತ್ರಿ, ನಿಲ್ಲದೆ ಹಾದುಹೋದ ಗೂಡ್ಸ್ ರೈಲಿನ ಕೊನೆಯ ದೀಪ ಮಳೆಯಲ್ಲಿ ನನಗೆ ಸ್ಪಷ್ಟವಾಗಿ ಕಾಣಲಿಲ್ಲ. ಆಕ್ಸಲ್ ಕೌಂಟರ್ ಸೆಕ್ಷನ್ ಖಾಲಿಯಿಲ್ಲ ಎಂದು ಕೆಂಪು ತೋರಿಸುತ್ತಿತ್ತು. ಅದು ಆ ವಾರ ಮೂರನೆಯ ಬಾರಿ ಹಾಗೆ ತೋರಿಸಿದ್ದರಿಂದ, ಯಂತ್ರದ್ದೇ ದೋಷ, ರೀಸೆಟ್ ಮಾಡಿ ಮುಂದಿನ ರೈಲು ಬಿಡಿ ಎಂಬ ಒತ್ತಾಯ ಫೋನಿನಲ್ಲಿ ಬಂತು. ರೈಲಿನ ಕೊನೆಯ ಬೋಗಿಯ ಸಂಖ್ಯೆಯನ್ನು ಮುಂದಿನ ನಿಲ್ದಾಣದವರು ನೋಡಿ ಖಚಿತಪಡಿಸುವವರೆಗೂ ರೀಸೆಟ್ ಮಾಡುವುದಿಲ್ಲ ಎಂದೆ. ಇಪ್ಪತ್ತೆರಡು ನಿಮಿಷ ಹಿಡಿಯಿತು. ಅಂದು ಹಳಿ ಖಾಲಿಯೇ ಇತ್ತು. ಒಂದು ವ್ಯಾಗನ್ ಕೂಡ ಕಳಚಿ ಉಳಿದಿರಲಿಲ್ಲ. ಮರುವಾರ ಎಕ್ಸ್‌ಪ್ರೆಸ್ ರೈಲನ್ನು ವಿನಾಕಾರಣ ತಡೆದದ್ದಕ್ಕೆ ವಿವರಣೆ ಕೇಳಿ ನನಗೆ ಪತ್ರ ಬಂತು. ನಾನು ಉತ್ತರ ಬರೆದೆ, ಅದು ಅಲ್ಲಿಗೆ ಮುಗಿಯಿತು, ಶಿಕ್ಷೆಯೇನೂ ಆಗಲಿಲ್ಲ. ಆದರೆ ಆ ಪತ್ರವನ್ನು ಓದಿದ ನನ್ನ ಜೊತೆಯ ಮೂವರು ಕಿರಿಯರು ಅದರಿಂದ ಏನು ಕಲಿತರೆಂದು ನನಗೆ ಗೊತ್ತು, ಏಕೆಂದರೆ ಅವರಲ್ಲೊಬ್ಬ ನನಗೇ ಹೇಳಿದ: “ಸರ್, ಇನ್ನು ಮೇಲೆ ನಾವು ಯಾಕೆ ಸುಮ್ಮನೆ ತಲೆನೋವು ಮೈಮೇಲೆ ಹಾಕ್ಕೊಳ್ಳೋದು?”

ತಡವಾದ ನಿಮಿಷಗಳಿಗೆ ಲೆಕ್ಕವಿದೆ, ಆಗದೇ ಹೋದ ಅಪಘಾತಕ್ಕೆ ಲೆಕ್ಕವಿಲ್ಲ. ಹೀಗಿರುವಾಗ ಯಂತ್ರವನ್ನು ಶಂಕಿಸಿದ ನೌಕರ ಯಾವಾಗಲೂ ಸೋತವನೇ: ಶಂಕೆ ಸುಳ್ಳಾದರೆ ವಿವರಣೆ ಬರೆಯಬೇಕು, ನಿಜವಾದರೆ ಅದು ಅವನ ಕರ್ತವ್ಯವಷ್ಟೆ.

ಆದ್ದರಿಂದ ನನ್ನ ಮೊದಲ ಮನವಿ ಈ ವಿವರಣೆ ಪತ್ರದ ಬಗ್ಗೆಯೇ. ಸುರಕ್ಷತೆಯ ಶಂಕೆಯಿಂದ ರೈಲು ತಡೆದ ಲೋಕೋ ಪೈಲಟ್, ಸ್ಟೇಷನ್ ಮಾಸ್ಟರ್ ಅಥವಾ ಗೇಟ್‌ಮನ್, ಕಾರಣವನ್ನು ಡೈರಿಯಲ್ಲಿ ಅಂದೇ ಬರೆದಿಟ್ಟಿದ್ದರೆ, ಶಂಕೆ ಆಧಾರರಹಿತವೆಂದು ಮುಂದೆ ತಿಳಿದರೂ ಅವರಿಂದ ವಿವರಣೆ ಕೇಳಕೂಡದೆಂದು ಮಂಡಳಿ ಒಂದು ಸಾಲಿನ ಆದೇಶ ಹೊರಡಿಸಲಿ. ಇದನ್ನು ಕೆಲವರು ದುರುಪಯೋಗ ಮಾಡಿಕೊಳ್ಳಬಹುದು. ಹತ್ತು ಸೋಮಾರಿಗಳು ಹತ್ತು ರೈಲು ತಡೆದರೂ ಅದರ ನಷ್ಟ ನಿಮಿಷಗಳಲ್ಲಿರುತ್ತದೆ.

ಎರಡನೆಯದು ಅಭ್ಯಾಸ. ಮೂರು ವರ್ಷಕ್ಕೊಮ್ಮೆ ತರಬೇತಿ ಕೇಂದ್ರಕ್ಕೆ ಹೋಗಿ ಬರುವ ಪುನಶ್ಚೇತನ ಶಿಬಿರದಿಂದ ಇದು ಆಗುವುದಿಲ್ಲ. ಅಲ್ಲಿ ಊಟ ಚೆನ್ನಾಗಿರುತ್ತದೆ, ಹಳೆಯ ಸ್ನೇಹಿತರು ಸಿಗುತ್ತಾರೆ, ಪರೀಕ್ಷೆಯಲ್ಲಿ ಎಲ್ಲರೂ ಪಾಸಾಗುತ್ತಾರೆ. ಪ್ರತಿ ನಿಲ್ದಾಣದಲ್ಲಿ, ಸಂಚಾರ ಕಡಿಮೆಯಿರುವ ಒಂದು ಹೊತ್ತನ್ನು ವೇಳಾಪಟ್ಟಿಯಲ್ಲೇ ಬಿಡಿಸಿ, ಪ್ಯಾನಲ್ ಕೆಟ್ಟಿದೆಯೆಂದು ಭಾವಿಸಿ, ಅಲ್ಲಿನ ಸಿಬ್ಬಂದಿಯೇ ಅಲ್ಲಿನ ಪಾಯಿಂಟನ್ನು ಕೈಯಿಂದ ತಿರುಗಿಸಿ, ಪಕ್ಕದ ನಿಲ್ದಾಣದೊಂದಿಗೆ ಮಾತು ಖಚಿತಪಡಿಸುವ ಗುಟ್ಟಿನ ಸಂಖ್ಯೆಯಾದ ಪ್ರೈವೇಟ್ ನಂಬರ್ ವಿನಿಮಯ ಮಾಡಿ, ಸರಿಯಾದ ಅಧಿಕಾರಪತ್ರವನ್ನು ಸರಿಯಾದ ವೇಗದ ಉಲ್ಲೇಖದೊಂದಿಗೆ ಬರೆದು, ಒಂದು ರೈಲನ್ನು ನಿಜಕ್ಕೂ ಹಾಗೆ ಓಡಿಸಿ ನೋಡಬೇಕು. ಹಗಲು ಒಮ್ಮೆ, ರಾತ್ರಿ ಒಮ್ಮೆ. ಸಂಚಾರವನ್ನು ದೂರದಿಂದ ಫೋನಿನಲ್ಲಿ ನಿಯಂತ್ರಿಸುವ ಸೆಕ್ಷನ್ ಕಂಟ್ರೋಲರ್ ಕೂಡ ಅದರಲ್ಲಿ ಭಾಗಿಯಾಗಿರಬೇಕು, ಏಕೆಂದರೆ ಆತುರದ ಕರೆ ಬರುವುದು ಅಲ್ಲಿಂದ. ಇದಕ್ಕೆ ಹಣ ಹೆಚ್ಚು ಬೇಕಿಲ್ಲ, ಸಮಯಪಾಲನೆಯ ಶೇಕಡಾವಾರು ಅಂಕಿ ಕೊಂಚ ಇಳಿಯುವುದನ್ನು ಒಪ್ಪಿಕೊಳ್ಳುವ ಮನಸ್ಸು ಬೇಕು.

ಸಿಗ್ನಲ್ ದುರಸ್ತಿಯ ವಿಷಯವನ್ನು ನಾನು ಬಿಡಿಸಿ ಹೇಳುವ ಅಗತ್ಯವಿಲ್ಲ. ಬಹನಾಗಾದ ನಂತರ ತಾವೇ ಸುತ್ತೋಲೆ ಹೊರಡಿಸಿದ್ದೀರಿ. ಆದರೂ ಡಿಸ್‌ಕನೆಕ್ಷನ್ ಮೆಮೊ, ಅಂದರೆ ದುರಸ್ತಿಗಾಗಿ ಸಿಗ್ನಲ್ ಸಲಕರಣೆಯನ್ನು ಬಿಡಿಸಿಕೊಳ್ಳುವ ಅನುಮತಿ, ಕೇಳಿದ ಸಿಗ್ನಲ್ ಮೇಂಟೇನರ್‌ಗೆ ‘ಈಗ ರೈಲುಗಳಿವೆ, ಆಮೇಲೆ ನೋಡೋಣ’ ಎಂದು ಹೇಳುವ ಅಭ್ಯಾಸ ನಮ್ಮ ಸಂಚಾರ ವಿಭಾಗದ್ದೇ. ಹಾಗೆ ಹೇಳಿದವರಲ್ಲಿ ನಾನೂ ಒಬ್ಬ. ಅವನು ಮೆಮೊ ಇಲ್ಲದೆ ಪೆಟ್ಟಿಗೆ ತೆರೆದು ತಂತಿ ಮುಟ್ಟುವುದು ತಪ್ಪು. ತೆರೆಯುವಂತೆ ಅವನನ್ನು ಒತ್ತುವವರು ನಾವು. ದುರಸ್ತಿಯ ನಂತರ, ಪ್ಯಾನಲ್ ಮೇಲೆ ಕಾಣುವ ಸ್ಥಿತಿಯೂ ನೆಲದ ಮೇಲಿನ ಪಾಯಿಂಟಿನ ಸ್ಥಿತಿಯೂ ಒಂದೇ ಎಂದು ಇಬ್ಬರು ಎರಡು ಕಡೆ ನಿಂತು ನೋಡಿ ಸಹಿ ಹಾಕುವವರೆಗೂ ರೈಲು ಬಿಡದಿರುವಷ್ಟು ಸಮಯ ಅವನಿಗೆ ಸಿಗಬೇಕು.

ನಾನು ಈಗ ಇರುವ ಊರಿನಲ್ಲಿ ಮನೆಯಿಂದ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ. ಮೊಣಕಾಲು ನೋವಿದ್ದರೂ ಕ್ರ್ಯಾಂಕ್ ಹ್ಯಾಂಡಲ್ ತಿರುಗಿಸುವ ಶಕ್ತಿ ಕೈಗಿದೆ. ಮೇಲೆ ಹೇಳಿದ ಅಭ್ಯಾಸವನ್ನು ಪ್ರಾಯೋಗಿಕವಾಗಿ ಒಂದೆರಡು ನಿಲ್ದಾಣಗಳಲ್ಲಾದರೂ ಆರಂಭಿಸುವುದಾದರೆ, ಸಂಭಾವನೆಯಿಲ್ಲದೆ ಬಂದು ಹುಡುಗರ ಜೊತೆ ಹಳಿಗೆ ಇಳಿಯಲು ನಾನು ಸಿದ್ಧನಿದ್ದೇನೆ. ನನ್ನಂಥ ನಿವೃತ್ತರು ಪ್ರತಿ ಜಂಕ್ಷನ್ನಿನ ಸುತ್ತಮುತ್ತ ನಾಲ್ಕಾರು ಮಂದಿ ಸಿಗುತ್ತಾರೆ, ಕರೆದರೆ ಬರುತ್ತಾರೆ. ಮುಂದಿನ ಮುಂಗಾರಿಗೆ ಮೊದಲು ಉತ್ತರ ಬಂದರೆ ಅನುಕೂಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸ್ಟೇಷನ್ ಮಾಸ್ಟರ್